ಬಾಯಿ ವಾಸನೆ: ಟೈಲರ್ ಒಬ್ಬರ ಪ್ರಕರಣ

ನಾನು ಹಲ್ಲಿನ ಡಾಕ್ಟರ್. ಇದು ನನ್ನ ಬಳಿ ಬಂದ ಒಬ್ಬ ಹೆಂಗಸಿನ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹಲವು ವಿವರ ಬದಲಿಸಿದ್ದೇನೆ. ಕೆಲಸವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ. ಅವರು ಬಟ್ಟೆ ಹೊಲಿಯುವವರು. ಆ ಕೆಲಸ ಬಿಟ್ಟು ಹೇಳಿದರೆ ಈ ಪ್ರಕರಣ ಅರ್ಥವೇ ಆಗುವುದಿಲ್ಲ.

ಹಿನ್ನೆಲೆ

ವಯಸ್ಸು ಐವತ್ತರ ಹತ್ತಿರ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ತಂಬಾಕಿನ ಅಭ್ಯಾಸ ಇಲ್ಲ. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತಿದ್ದರು. ಐದು ವರ್ಷದ ಹಿಂದೆ ಕೆಳಗಿನ ಬಲಗಡೆಯ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದರು. ಅದರಿಂದ ಯಾವತ್ತೂ ನೋವು ಬಂದಿರಲಿಲ್ಲ. ಮನೆಯಲ್ಲಿ ಗಂಡ. ಕೆಲಸಕ್ಕೆ ಸಹಾಯಕ್ಕೆ ಹೊಲಿಗೆ ಕಲಿಯುವ ಒಬ್ಬಳು ಹುಡುಗಿ. ಹತ್ತಿರದಲ್ಲೇ ತಂಗಿಯ ಮನೆ.

ಅಳತೆ ತೆಗೆಯುವವರು ಇನ್ನೊಬ್ಬರಿಗೆ ಎಷ್ಟು ಹತ್ತಿರ ನಿಲ್ಲಬೇಕು ಅಂತ ನಾನು ಅವರನ್ನು ನೋಡುವ ತನಕ ಯೋಚಿಸಿರಲಿಲ್ಲ. ಕುತ್ತಿಗೆಯ ಸುತ್ತ ಟೇಪ್ ಹಿಡಿದು ಅಂಕಿ ಓದುವಾಗ ಎರಡು ಮುಖಗಳ ನಡುವೆ ಒಂದು ಗೇಣು ಜಾಗ ಇರುತ್ತದೆ ಅಷ್ಟೇ. ಸುಮಾರು ಮೂರು ವರ್ಷದ ಹಿಂದೆ, ಅಂಥ ಹೊತ್ತಿನಲ್ಲಿ ಗಿರಾಕಿಯೊಬ್ಬರು ಮುಖ ಆಚೆ ತಿರುಗಿಸಿದರು. ಆಮೇಲೆ ಇನ್ನೊಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. ಇವರ ಮನಸ್ಸಿನಲ್ಲಿ ಅನುಮಾನ ಹುಟ್ಟಿತು.

ಗಂಡನನ್ನು ಕೇಳಿದರು. "ಏನೂ ಇಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು ಅವರು. ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದರು. ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದೂ ಇಲ್ಲ. ಸದಾ ಜೊತೆಗಿರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಜೊತೆಗೆ, ಮಾತಾಡುವಾಗ ನಾಲಿಗೆಯ ಬುಡದಿಂದ ಬರುವ ಗಾಳಿ ಅಂಗೈಗೆ ಊದಿದಾಗ ಅಷ್ಟಾಗಿ ಬರುವುದಿಲ್ಲ.

ಅವರು ತಾವೇ ಒಂದು ದಾರಿ ಹುಡುಕಿಕೊಂಡರು. ಅಳತೆ ತೆಗೆಯುವಾಗ ಉಸಿರು ಬಿಗಿ ಹಿಡಿಯುವುದು. ಉಸಿರು ಹಿಡಿದರೆ ಅಂಕಿ ಕೂಗಿ ಹೇಳುವ ಹಾಗಿಲ್ಲ. ಹಾಗಾಗಿ ಕುತ್ತಿಗೆ, ಭುಜ, ತೋಳು, ಮೂರೂ ಅಳತೆ ತಲೆಯಲ್ಲಿಟ್ಟುಕೊಂಡು, ಹಿಂದೆ ಸರಿದು, ಆಮೇಲೆ ಹುಡುಗಿಗೆ ಹೇಳಿ ಬರೆಸುತ್ತಿದ್ದರು. ಒಂದು ದಿನ ಅಂಕಿ ಅದಲು ಬದಲಾಗಿ ಬಟ್ಟೆಯ ಕೊರಳು ತಪ್ಪಾಗಿ ಕತ್ತರಿಸಿ ಹೋಯಿತು. ಇಷ್ಟು ವರ್ಷದಲ್ಲಿ ಹಾಗೆ ಆಗಿದ್ದು ಅದೇ ಮೊದಲು. ಅವತ್ತು ರಾತ್ರಿ ಅತ್ತುಬಿಟ್ಟೆ ಅಂದರು.

ಸತ್ಯ ಹೇಳಿದ್ದು ತಂಗಿ. ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತಿದ್ದಾಗ. "ಅಕ್ಕಾ, ಬೇಜಾರು ಮಾಡ್ಕೋಬೇಡ. ನಿನ್ನ ಬಾಯಿ ವಾಸನೆ ಬರುತ್ತೆ. ತುಂಬಾ ದಿನದಿಂದ ಹೇಳಬೇಕು ಅಂತಿದ್ದೆ." ಉಳಿದ ದಾರಿಯುದ್ದಕ್ಕೂ ಇವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರಂತೆ. ಈ ಇಡೀ ಪ್ರಕರಣದಲ್ಲಿ ಅತಿ ಕಷ್ಟದ ಕೆಲಸ ಮಾಡಿದವಳು ಆ ತಂಗಿ ಅಂತ ನಾನು ಇವತ್ತಿಗೂ ನಂಬುತ್ತೇನೆ.

ನನ್ನ ಬಳಿ ಬರುವ ಮೊದಲು

ವಾಸನೆ ಇದೆ ಅಂತ ಖಚಿತವಾದ ಮೇಲೆ ಅವರು ಕೈಗೆ ಸಿಕ್ಕಿದ್ದೆಲ್ಲ ಮಾಡಿದರು. ದಿನಕ್ಕೆ ನಾಲ್ಕು ಸಲ, ಗಟ್ಟಿ ಬ್ರಶ್‌ನಲ್ಲಿ ಹಲ್ಲುಜ್ಜಿದರು. ಖಾರವಾದ, ಆಲ್ಕೋಹಾಲ್ ಇರುವ ಮೌತ್‌ವಾಶ್ ಗಂಟೆಗೊಮ್ಮೆ ಮುಕ್ಕಳಿಸಿದರು. ಸಕ್ಕರೆ ಇರುವ ಪುದೀನ ಪೆಪ್ಪರ್‌ಮಿಂಟ್ ಸದಾ ಬಾಯಲ್ಲಿ. ಬೆಳಗಿನ ತಿಂಡಿ ಬಿಟ್ಟರು, ತಿಂದರೆ ವಾಸನೆ ಜಾಸ್ತಿ ಅಂತ ನಂಬಿ.

ಇದರಲ್ಲಿ ಒಂದೊಂದೂ ಅವರ ವಿರುದ್ಧವೇ ಕೆಲಸ ಮಾಡಿತು. ಆಲ್ಕೋಹಾಲ್ ಬಾಯಿ ಒಣಗಿಸಬಹುದು. ಸಕ್ಕರೆ ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾಗೆ ಊಟ. ಉಪವಾಸ ಇದ್ದರೆ ಜೊಲ್ಲು ಕಡಿಮೆ ಆಗುತ್ತದೆ. ಅಗಿದು ತಿಂದಾಗ ನಾಲಿಗೆಯ ಮೇಲೆ ಆಗುವ ಉಜ್ಜಾಟವೂ ತಪ್ಪಿಹೋಗುತ್ತದೆ.

ಆಮೇಲೆ ಹೊಟ್ಟೆಯ ಸರದಿ. ಹೊಟ್ಟೆ ಕೆಟ್ಟಿದ್ದಕ್ಕೇ ಬಾಯಿ ವಾಸನೆ ಅನ್ನುವ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ಮೂರು ತಿಂಗಳು ಆಸಿಡಿಟಿ ಮಾತ್ರೆ ತಿಂದರು. ಎಂಡೋಸ್ಕೋಪಿಯೂ ಆಯಿತು. ಏನೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಅನ್ನನಾಳದ ಬಾಗಿಲು ಬಹುತೇಕ ಹೊತ್ತು ಮುಚ್ಚಿಯೇ ಇರುತ್ತದೆ. ತೇಗು ಬಂದಾಗ ಒಂದಿಷ್ಟು ವಾಸನೆ ಮೇಲೆ ಬರಬಹುದು, ಆದರೆ ದಿನವಿಡೀ ಬರುವ ವಾಸನೆ ಹೊಟ್ಟೆಯಿಂದ ಬರುವುದು ಅಪರೂಪ. ನಿಜವಾದ ಬಾಯಿ ವಾಸನೆಯ ಪ್ರಕರಣಗಳಲ್ಲಿ 80ರಿಂದ 90 ಶೇಕಡಾದಷ್ಟು ಬಾಯೊಳಗೇ ಹುಟ್ಟುತ್ತವೆ.

ನಾನು ಮಾಡಿದ ತಪ್ಪು

ಮೊದಲ ಸಲ ಬಂದಾಗ ನಾನು ಬಾಯಿ ನೋಡಿದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಪಾಚಿ ಗಟ್ಟಿಯಾಗಿ ಕೂತಿತ್ತು. ಅದೇ ಕಾರಣ ಅಂದುಕೊಂಡು ಕ್ಲೀನಿಂಗ್ ಮಾಡಿದೆ, ನಾಲಿಗೆ ಶುಚಿ ಮಾಡಿಕೊಳ್ಳಿ ಅಂತ ಹೇಳಿ ಕಳಿಸಿದೆ. "ಇನ್ನು ಸರಿಹೋಗುತ್ತೆ" ಅಂದೆ. ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಅಂತ ಕೇಳಿದ್ದೆ. ಅವರು "ಯಾವುದೂ ಇಲ್ಲ" ಅಂದಿದ್ದರು. ಅಲ್ಲಿಗೇ ಬಿಟ್ಟೆ.

ಹತ್ತು ದಿನ ಕಡಿಮೆ ಆಯಿತು. ಆಮೇಲೆ ಮತ್ತೆ ಶುರು. ಮೂರು ವಾರದ ನಂತರ ತಂಗಿಯನ್ನು ಕರೆದುಕೊಂಡು ಬಂದರು. ಅವರು ಜಗಳ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, "ಇದು ನನ್ನ ಹಣೆಬರಹ ಅನ್ಸುತ್ತೆ ಡಾಕ್ಟ್ರೇ" ಅಂದರು. ಅವರು ಬೈದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ, ಕಣ್ಣಿಗೆ ಬಿದ್ದ ಮೊದಲ ಕೊಳೆಯನ್ನು ತೆಗೆದು ಕಳಿಸಿದ್ದೆ ನಾನು.

ಮೂಗಿನಿಂದ ಹುಡುಕಿದ್ದು

ಈ ಸಲ ಸರಿಯಾಗಿ ಮಾಡೋಣ ಅಂತ ಇನ್ನೊಂದು ದಿನ ಬೆಳಗ್ಗೆ ಬರಹೇಳಿದೆ. ಎರಡು ದಿನ ಮೊದಲಿಂದ ಬೆಳ್ಳುಳ್ಳಿ, ಈರುಳ್ಳಿ ಬೇಡ. ಹಿಂದಿನ ದಿನದಿಂದ ಸೆಂಟ್ ಬೇಡ. ಅವತ್ತು ಹಲ್ಲುಜ್ಜುವುದು, ಮೌತ್‌ವಾಶ್, ತಿಂಡಿ ಯಾವುದೂ ಬೇಡ. ವಾಸನೆಯನ್ನು ಅದು ಇರುವ ಹಾಗೇ ತರಬೇಕು ಅಂದೆ. ಮೂರು ವರ್ಷದಿಂದ ಮುಚ್ಚಿಟ್ಟುಕೊಂಡು ಬಂದವರಿಗೆ ಹೀಗೆ ಬಾ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ನನಗೆ ಗೊತ್ತಿತ್ತು. ಆದರೂ ಬಂದರು.

ವಾಸನೆ ಅಳೆಯುವ ಯಂತ್ರಗಳಿವೆ. ಆದರೆ ತರಬೇತಿ ಆದ ಮನುಷ್ಯನ ಮೂಗೇ ಇವತ್ತಿಗೂ ಮುಖ್ಯ ಅಳತೆ. ಅದಕ್ಕೆ 0ರಿಂದ 5ರ ತನಕ ಅಂಕ ಕೊಡುತ್ತೇವೆ. 0 ಅಂದರೆ ಏನೂ ಇಲ್ಲ. 1 ಅಂದರೆ ಇದೆಯೋ ಇಲ್ಲವೋ ಅನ್ನುವಷ್ಟು. 2 ಸ್ವಲ್ಪ, 3 ಸುಮಾರು, 4 ಜೋರು, 5 ತಡೆಯಲಾಗದಷ್ಟು.

ಮೊದಲು ಮೂಗು ಹಿಡಿದುಕೊಂಡು ಬಾಯಿಂದ ಉಸಿರು ಬಿಡಿಸಿದೆ. 4. ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಬಿಡಿಸಿದೆ. ಏನೂ ಇಲ್ಲ. ಈ ಎರಡು ಉಸಿರಿನಲ್ಲೇ ಅರ್ಧ ದಾರಿ ಸ್ಪಷ್ಟವಾಗಿಬಿಡುತ್ತದೆ. ಮೂಗಿನ ಉಸಿರು ಮಾತ್ರ ನಾರಿದರೆ ಮೂಗು, ಸೈನಸ್ ನೋಡಬೇಕು. ಎರಡೂ ಒಂದೇ ಥರ ನಾರಿದರೆ ಅದು ರಕ್ತದಿಂದ ಶ್ವಾಸಕೋಶಕ್ಕೆ ಬಂದು ಹೊರಬೀಳುತ್ತಿರಬಹುದು. ಲಿವರ್, ಕಿಡ್ನಿ, ಹತೋಟಿಗೆ ಬರದ ಸಕ್ಕರೆ ಕಾಯಿಲೆ, ಹೀಗೆ. ಆಗ ಹಲ್ಲಿನ ಡಾಕ್ಟರ್ ಬಳಿ ಕಾಲ ಕಳೆಯಬಾರದು. ಇವರದು ಬಾಯಿಯದೇ ಅಂತ ಖಚಿತವಾಯಿತು. ಟಾನ್ಸಿಲ್ ಗುಳಿಗಳಲ್ಲಿ ಒಮ್ಮೊಮ್ಮೆ ಬಿಳಿ ಹರಳು ಕೂತು ಭಾರೀ ವಾಸನೆ ಬರುತ್ತದೆ, ಅದೂ ಇರಲಿಲ್ಲ.

ಚಮಚದ ಅಂಚಿನಿಂದ ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಕೀಸಿದೆ. ಹಳದಿ ಅಂಟು ಬಂತು. ಅದರ ವಾಸನೆ 3. ಆಮೇಲೆ ಫ್ಲಾಸ್ ದಾರ ತೆಗೆದುಕೊಂಡೆ. ಒಂದೊಂದು ಸಂದಿಗೂ ಹೊಸ ತುಂಡು, ಒಂದೊಂದನ್ನೂ ಬೇರೆ ಬೇರೆ ಮೂಸಿದೆ. ಮೇಲಿನವು ಪರವಾಗಿಲ್ಲ. ಕೆಳಗೆ ಎಡಗಡೆ ಪರವಾಗಿಲ್ಲ. ಬಲಗಡೆ ಆ ಕ್ಯಾಪ್ ಹಾಕಿದ ಹಲ್ಲಿನ ಹಿಂದಿನ ಸಂದಿಯಲ್ಲಿ ದಾರ ಸಿಕ್ಕಿಕೊಂಡಿತು. ಎಳೆದರೆ ಎಳೆ ಎಳೆಯಾಗಿ ಹರಿದು ಬಂತು. ಮೂಗಿಗೆ ಹತ್ತಿರ ತರುವ ಮೊದಲೇ ಗೊತ್ತಾಯಿತು. ತಂಗಿ ಪಕ್ಕದಲ್ಲೇ ನಿಂತಿದ್ದಳು. "ಇದೇ. ಇದೇ ವಾಸನೆ" ಅಂದಳು.

ಎಕ್ಸ್‌ರೇಯಲ್ಲಿ ಕ್ಯಾಪಿನ ಅಂಚು ಹಲ್ಲಿಗೆ ಸರಿಯಾಗಿ ಕೂರದೆ ಮೆಟ್ಟಿಲಿನ ಹಾಗೆ ಆಚೆ ಚಾಚಿಕೊಂಡಿತ್ತು. ಅದರ ಕೆಳಗೆ ಹುಳುಕು. ಪಕ್ಕದ ಒಸಡಿನಲ್ಲಿ 6 ಮಿಲಿಮೀಟರ್ ಆಳದ ಸಂದು. ಆರೋಗ್ಯವಾಗಿರುವ ಒಸಡಿನಲ್ಲಿ ಅದು 3 ಮಿಲಿಮೀಟರ್ ಮೀರಬಾರದು. ರೂಟ್ ಕೆನಾಲ್ ಆದ ಹಲ್ಲಿಗೆ ನರ ಇರುವುದಿಲ್ಲ. ಅದಕ್ಕೇ ಅಷ್ಟು ಹುಳುಕಾದರೂ ನೋವು ಕೊಟ್ಟು ಎಚ್ಚರಿಸಲಿಲ್ಲ.

ಆದರೂ ನನಗೆ ಒಂದು ವಿಷಯ ಹೊಂದಾಣಿಕೆ ಆಗುತ್ತಿರಲಿಲ್ಲ. ಕ್ಯಾಪ್ ಐದು ವರ್ಷ ಹಳೆಯದು. ವಾಸನೆ ಮೂರು ವರ್ಷದ್ದು. ಆ ಹೊತ್ತಿಗೆ ಏನು ಬದಲಾಯಿತು? ಬಾಯಿ ನೋಡುವ ಕನ್ನಡಿ ಕೆನ್ನೆಯ ಒಳಗೆ ಅಂಟಿ ಅಂಟಿ ಬಿಡುತ್ತಿತ್ತು. ಬಾಯಿ ಒಣಗಿದೆ ಅನ್ನುವುದಕ್ಕೆ ಅದು ಸುಲಭದ ಗುರುತು. ಮತ್ತೆ ಔಷಧಿ ಕೇಳಿದೆ. ಮತ್ತೆ "ಯಾವುದೂ ಇಲ್ಲ". ಆಗ ಪ್ರಶ್ನೆ ಬದಲಿಸಿದೆ. "ರಾತ್ರಿ ಮಲಗೋ ಮುಂಚೆ ಏನಾದ್ರೂ ನುಂಗ್ತೀರಾ?"

"ಓ, ಅದಾ? ಅದು ಸೀನಿನ ಮಾತ್ರೆ. ಅದೇನು ಔಷಧಿನಾ?"

ಬಟ್ಟೆ ಕತ್ತರಿಸುವಾಗ ಏಳುವ ನವಿರು ಧೂಳಿಗೆ ಅವರಿಗೆ ಸೀನು ಶುರುವಾಗಿ ಮೂರು ವರ್ಷದ ಮೇಲಾಗಿತ್ತು. ದಿನಾ ರಾತ್ರಿ ಒಂದು ಅಲರ್ಜಿ ಮಾತ್ರೆ, ನಿದ್ದೆ ಬರಿಸುವ ಹಳೇ ಬಗೆಯದು. ಆ ಬಗೆಯ ಮಾತ್ರೆಗಳು ಜೊಲ್ಲು ಸುರಿಯುವುದನ್ನೂ ಕಡಿಮೆ ಮಾಡುತ್ತವೆ. ಸಾಲದ್ದಕ್ಕೆ ಮೂಗು ಕಟ್ಟಿ, ರಾತ್ರಿಯೆಲ್ಲ ಬಾಯಿ ತೆರೆದು ಮಲಗುತ್ತಿದ್ದರು.

ಇಲ್ಲಿ ಜೊಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ನಮ್ಮ ಬಾಯಲ್ಲಿ ಬರುತ್ತದೆ. ಅದು ಸದಾ ಬಾಯಿ ತೊಳೆಯುತ್ತಾ ಇರುತ್ತದೆ, ಆಮ್ಲಜನಕವನ್ನೂ ತರುತ್ತದೆ. ವಾಸನೆ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಆಗಿಬರುವುದಿಲ್ಲ. ನಾಲಿಗೆಯ ಹಿಂಭಾಗದ ಒರಟು ಸಂದಿಗಳು, ಒಸಡಿನ ಆಳ, ಸಡಿಲ ಕ್ಯಾಪಿನ ಅಡಿ, ಇವೇ ಅವುಗಳ ಮನೆ. ಊಟದ ಚೂರು, ಉದುರಿದ ಜೀವಕೋಶ, ಒಸಡಿನ ರಕ್ತ, ಇವುಗಳಲ್ಲಿರುವ ಪ್ರೋಟೀನನ್ನು ಅವು ಒಡೆದಾಗ ಗಂಧಕದ ಅನಿಲಗಳು ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್, ಅದು ಕೊಳೆತ ಮೊಟ್ಟೆಯ ವಾಸನೆ. ಮೀಥೈಲ್ ಮರ್ಕ್ಯಾಪ್ಟನ್, ಅದು ಇನ್ನೂ ಕೆಟ್ಟದ್ದು, ಒಸಡಿನ ರೋಗ ಇದ್ದವರಲ್ಲಿ ಜಾಸ್ತಿ. ಜೊಲ್ಲು ಕಡಿಮೆಯಾದರೆ ಈ ಬ್ಯಾಕ್ಟೀರಿಯಾಗಳಿಗೆ ಹಬ್ಬ. ನಿದ್ದೆಯಲ್ಲಿ ಜೊಲ್ಲು ಬಹಳ ಇಳಿಯುವುದರಿಂದಲೇ ಬೆಳಗ್ಗೆ ಎದ್ದಾಗ ಎಲ್ಲರ ಬಾಯಿಯೂ ಸ್ವಲ್ಪ ನಾರುವುದು.

ಕ್ಯಾಪಿನ ತೊಂದರೆ ಮೊದಲೇ ಇತ್ತು. ಜೊಲ್ಲು ಹೇಗೋ ನಿಭಾಯಿಸುತ್ತಿತ್ತು. ಮಾತ್ರೆ ಬಂದ ಮೇಲೆ ಅದೂ ಕೈಬಿಟ್ಟಿತು. ಧೂಳಿಂದ ಸೀನು, ಸೀನಿಂದ ಮಾತ್ರೆ, ಮಾತ್ರೆಯಿಂದ ಒಣ ಬಾಯಿ.

ಚಿಕಿತ್ಸೆ

ಇದು ಬೇಗ ಹೇಳಿ ಮುಗಿಸುವಂಥದ್ದು. ಹಳೇ ಕ್ಯಾಪ್ ತೆಗೆದು ಹುಳುಕು ಕೊರೆದೆ. ಅದೃಷ್ಟಕ್ಕೆ ಅದು ಅಂಚಿನಲ್ಲೇ ನಿಂತಿತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಸಡಿನ ಅಡಿಯ ಬೇರಿನ ಭಾಗ ಶುಚಿ ಮಾಡಿದೆ. ತಾತ್ಕಾಲಿಕ ಕ್ಯಾಪ್ ಇಟ್ಟೆ. ಒಸಡು ಕೂಡಿಕೊಂಡ ಮೇಲೆ, ಆರು ವಾರಕ್ಕೆ, ಹೊಸದು ಕೂರಿಸಿದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹತ್ತು ದಿನ ಮಾತ್ರ. ಅದು ಒಳ್ಳೆಯ ಔಷಧಿ, ಆದರೆ ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಆ ಸಂದಿಗೆ ದಿನಾ ರಾತ್ರಿ ಸಣ್ಣ ಸಂದಿ ಬ್ರಶ್. ನಾಲಿಗೆ ಹಿಂದಿನಿಂದ ಮುಂದಕ್ಕೆ, ಎರಡು ಮೂರು ಸಲ, ಮೆಲ್ಲಗೆ. ರಕ್ತ ಬರುವ ಹಾಗೆ ಕೀಸುವುದು ಬೇಡ. ತಿಂಡಿ ಮತ್ತೆ ಶುರು. ಪೆಪ್ಪರ್‌ಮಿಂಟ್ ಬದಲು ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಅಗಿದರೆ ಜೊಲ್ಲು ಬರುತ್ತದೆ.

ಮಾತ್ರೆಯನ್ನು ನಾನೇ ನಿಲ್ಲಿಸಲಿಲ್ಲ. ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಪತ್ರ ಬರೆದೆ. ಅವರು ಅದರ ಬದಲು ಮೂಗಿಗೆ ಹಾಕುವ ಸ್ಪ್ರೇ ಕೊಟ್ಟರು. ಬಟ್ಟೆ ಕತ್ತರಿಸುವಾಗ ಮಾಸ್ಕ್ ಹಾಕಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತಲೂ ಹೇಳಿದರು.

ಹೊಸ ಕ್ಯಾಪ್ ಕೂರಿಸಿದ ದಿನ ಮತ್ತೆ ಮೂಸಿದೆ. 1. ಒಸಡಿನ ಆಳ 4 ಮಿಲಿಮೀಟರಿಗೆ ಇಳಿದಿತ್ತು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ವಾಸನೆ ಹೋಯಿತು, ಭಯ ಹೋಗಲಿಲ್ಲ

ಅವರು ನಂಬಲಿಲ್ಲ. "ನೀವು ಸಮಾಧಾನಕ್ಕೆ ಹೇಳ್ತಿದ್ದೀರಿ" ಅಂದರು. ಇನ್ನೂ ಉಸಿರು ಹಿಡಿದೇ ಅಳತೆ ತೆಗೆಯುತ್ತಿದ್ದರು. ಮಾತಾಡುವಾಗ ಕೈ ತಾನಾಗಿ ಬಾಯಿ ಮುಂದೆ ಬರುತ್ತಿತ್ತು.

ಅವತ್ತು ಗಂಡನೂ ಬಂದಿದ್ದರು. "ನಾನೂ ದಿನಾ ಹೇಳ್ತೀನಿ, ಈಗ ಏನೂ ಇಲ್ಲ ಅಂತ. ಕೇಳೋದೇ ಇಲ್ಲ" ಅಂದರು. ಇವರು ಗಂಡನ ಮುಖ ನೋಡಿದರು. "ಆಗಲೂ ಏನೂ ಇಲ್ಲ ಅಂತಾನೇ ಅಂದ್ರಲ್ವಾ?"

ಅವರು ತಲೆ ತಗ್ಗಿಸಿದರು. "ನೋವಾಗುತ್ತೆ ಅಂತ ಹೇಳಲಿಲ್ಲ" ಅಂದರು, ತುಂಬಾ ಹೊತ್ತಿನ ಮೇಲೆ. ಆ ಮನುಷ್ಯ ಕೆಟ್ಟವರಲ್ಲ. ಪ್ರೀತಿಯಿಂದಲೇ ಹಾಗೆ ಹೇಳಿದ್ದು. ಆದರೆ ಮೂರು ವರ್ಷ ಸುಳ್ಳಾಗಿ ಬಳಕೆಯಾದ ಮಾತು ಈಗ ನಿಜ ಹೇಳಲು ಬರುತ್ತಿರಲಿಲ್ಲ. ಮನೆಯವರ ಬಾಯಿ ವಾಸನೆ ಗೊತ್ತಿದ್ದೂ ಸುಮ್ಮನಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಜಾಗದಲ್ಲಿ ಒಂದು ಕ್ಷಣ ನಿಲ್ಲಿ. ಒಬ್ಬರೇ ಇದ್ದಾಗ, ಮೆಲ್ಲಗೆ, ಒಂದೇ ಸಲ ಹೇಳಿ. ಅದು ಡಾಕ್ಟರ್ ಹತ್ತಿರ ಹೋಗುವ ದಾರಿಯನ್ನು ವರ್ಷಗಟ್ಟಲೆ ಹತ್ತಿರ ಮಾಡುತ್ತದೆ.

ವಾಸನೆ ಇಲ್ಲದಿದ್ದರೂ ಇದೆ ಅಂತ ಅನ್ನಿಸುವುದು ನಮಗೆ ಹೊಸದಲ್ಲ. ಚಿಕಿತ್ಸೆ ಆದ ಮೇಲೂ ಆ ನಂಬಿಕೆ ಗಟ್ಟಿಯಾಗಿ ಉಳಿದರೆ ಮನೋವೈದ್ಯರ ಸಹಾಯ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅದಕ್ಕೆ ಮೊದಲು ಎರಡು ಕೆಲಸ ಮಾಡಿ ನೋಡೋಣ ಅಂದೆ.

ಒಂದು, ಒಂದು ದಿನ ಪೂರ್ತಿ ಕಲಿಯುವ ಹುಡುಗಿಯೇ ಅಳತೆ ತೆಗೆಯಲಿ. ಇವರು ದೂರ ಕೂತು ಎಷ್ಟು ಜನ ಮುಖ ತಿರುಗಿಸುತ್ತಾರೆ ಅಂತ ಎಣಿಸಲಿ. ಎಣಿಸಿದರು. ಒಂಬತ್ತು ಜನರಲ್ಲಿ ಆರು ಜನ! ಕುತ್ತಿಗೆಗೆ ಟೇಪ್ ಸುತ್ತಿದಾಗ ಗಲ್ಲ ಎತ್ತಿ ಆಚೆ ನೋಡುವುದು ಮನುಷ್ಯರ ಸಹಜ ಅಭ್ಯಾಸ. ಮೂರು ವರ್ಷದಲ್ಲಿ ಕೆಲವರು ನಿಜವಾಗಲೂ ವಾಸನೆಗೇ ಸರಿದಿರಬಹುದು. ಆದರೆ ತಿರುಗಿದ ಪ್ರತಿ ಮುಖವನ್ನೂ ಇವರು ತಮ್ಮ ಲೆಕ್ಕಕ್ಕೇ ಬರೆದುಕೊಂಡಿದ್ದರು.

ಎರಡು, ಒಂದು ನೋಟ್‌ಬುಕ್. ವಾರಕ್ಕೊಂದು ಸಲ, ಸಂಜೆ ಅದೇ ಹೊತ್ತಿಗೆ, ತಂಗಿ ಹತ್ತಿರ ಕೂತು ಮಾತಾಡಿ, 0ರಿಂದ 5ರ ಅಂಕ ಬರೆಯಬೇಕು. ಬೇರೆ ಯಾವ ದಿನವೂ ಯಾರನ್ನೂ ಕೇಳುವ ಹಾಗಿಲ್ಲ. ತಂಗಿಯೇ ಯಾಕೆ ಅಂದರೆ, ಕಷ್ಟದ ಮಾತನ್ನು ಮೊದಲು ಹೇಳಿದವಳು ಅವಳು.

ಮೊದಲ ಐದು ವಾರ: 0, 0, 1, 0, 0. ಅವರಿಗೆ ಇನ್ನೂ ಅನುಮಾನ. "ನನಗೆ ಬೇಜಾರಾಗದಿರಲಿ ಅಂತ ಬರೀತಾಳೆ."

ಆರನೇ ವಾರ ಫೋನ್ ಮಾಡಿದರು. "ಡಾಕ್ಟ್ರೇ, ತಂಗಿ ಇವತ್ತು ಎರಡು ಕೊಟ್ಟಿದ್ದಾಳೆ." ನನಗೆ ಗಾಬರಿಯಾಯಿತು. ಏನಾಯಿತು ಅಂತ ಕೇಳಿದೆ. ನೆಗಡಿ ಬಂದಿತ್ತಂತೆ. ಡ್ರಾಯರ್‌ನಲ್ಲಿ ಉಳಿದಿದ್ದ ಹಳೇ ಮಾತ್ರೆಯನ್ನು ನಾಲ್ಕು ರಾತ್ರಿ ನುಂಗಿದ್ದರು. ಕಾರಣ ಸಿಕ್ಕಿತಲ್ಲ ಅಂತ ನಾನು ಸಮಾಧಾನ ಹೇಳಲು ಹೊರಟೆ. ಅವರು ಮಧ್ಯದಲ್ಲೇ ತಡೆದರು. ದನಿಯಲ್ಲಿ ದುಃಖ ಇರಲಿಲ್ಲ.

"ಅಲ್ಲ ಡಾಕ್ಟ್ರೇ. ಇದ್ದಾಗ ಅವಳು ಇದೆ ಅಂತ ಬರೆದಳು. ಹಾಗಾದ್ರೆ ಆ ಸೊನ್ನೆಗಳೆಲ್ಲ ನಿಜಾನೇ ಅಲ್ವಾ?"

ನಾನು ಎಷ್ಟು ವಿವರಿಸಿದರೂ ಆಗದ ಕೆಲಸವನ್ನು ಆ ಒಂದು 2 ಮಾಡಿತು. ಮುಂದಿನ ವಾರದಿಂದ ಅವರು ಮೊದಲಿನ ಹಾಗೆ ಅಳತೆ ತೆಗೆಯುತ್ತಲೇ ಅಂಕಿ ಕೂಗಿ ಹೇಳಲು ಶುರು ಮಾಡಿದರು. ಹುಡುಗಿಗೆ ಅದು ಹೊಸದು. ಇಷ್ಟು ಜೋರಾಗಿ ಯಾಕೆ ಕೂಗ್ತೀರಿ ಅಂತ ಕೇಳಿದಳಂತೆ.

ಈಗ ಅಂಥವರು ಬಂದರೆ ನಾನು ಮೊದಲ ದಿನವೇ ಕ್ಲೀನಿಂಗ್ ಯಂತ್ರ ಹಿಡಿಯುವುದಿಲ್ಲ. ಬಾಯಿ, ಮೂಗು ಬೇರೆ ಬೇರೆ ಮೂಸುತ್ತೇನೆ. ಸಂದಿ ಸಂದಿಗೂ ದಾರ ಹಾಕುತ್ತೇನೆ. "ಔಷಧಿ ತಗೋತೀರಾ?" ಅಂತ ಕೇಳುವುದನ್ನು ಬಿಟ್ಟು, ಬೆಳಗ್ಗೆಯಿಂದ ರಾತ್ರಿ ತನಕ ಬಾಯಿಗೆ ಏನೇನು ಹಾಕಿಕೊಳ್ಳುತ್ತೀರಿ ಅಂತ ಕೇಳುತ್ತೇನೆ. ಜೊತೆಗೆ, ನಿಮಗೆ ನಿಜ ಹೇಳುವವರು ಯಾರಿದ್ದಾರೆ, ಅವರನ್ನು ಕರೆದುಕೊಂಡು ಬನ್ನಿ ಅನ್ನುತ್ತೇನೆ.

ಎಂಟನೇ ತಿಂಗಳು ತಪಾಸಣೆಗೆ ಬಂದಾಗ ಒಸಡಿನ ಆಳ 3 ಮಿಲಿಮೀಟರ್ ಇತ್ತು. ನೋಟ್‌ಬುಕ್ ತಂದಿದ್ದರು. ಬರೆಯುವುದನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಕೊನೆಯ ಪುಟದಲ್ಲಿ ಮಾತ್ರ ಬೇರೆ ಕೈಬರಹ. ಒಂದು ದಿನ ಬೆಳಗ್ಗೆ ಎದ್ದ ಕೂಡಲೇ ಗಂಡ ನೋಟ್‌ಬುಕ್ ಕೇಳಿ ಇಸ್ಕೊಂಡು ಒಂದು ಅಂಕ ಬರೆದಿದ್ದರು. ಸೊನ್ನೆಯಲ್ಲ, 1. ಅದನ್ನು ನನಗೆ ತೋರಿಸುವಾಗ ಅವರು ಬಾಯಿ ತುಂಬಾ ನಗುತ್ತಿದ್ದರು. ಕೈ ಅಡ್ಡ ಬರಲಿಲ್ಲ.